ಅವರ ಮನೆತನದ ಹೆಸರು ನನ್ನ ಬಾಗಿಲ ಮೇಲೆ

ಆ ಅಡ್ಡಹೆಸರು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರ ಬಗ್ಗೆ ಮಾತಾಡುತ್ತಿದ್ದೇನೆಂದು ಒಂದೇ ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಅದನ್ನು ಇಟ್ಟುಕೊಂಡವರು ಜಗತ್ತಿನಲ್ಲಿ ಅಷ್ಟು ಕಡಿಮೆ. ನನ್ನ ಮೊದಲ ಮಾವ, "ನಮ್ಮ ಹೆಸರಿನವರನ್ನೆಲ್ಲ ಒಂದೇ ಬಸ್ಸಿನಲ್ಲಿ ಕೂರಿಸಬಹುದು" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಆ ಬಸ್ಸಿನಲ್ಲಿ ನನಗೆ ಸೀಟಿಲ್ಲ ಎಂದು ತಿಳಿಯಲು ಐದು ವರ್ಷ ಬೇಕಾಯಿತು. ಈಗ ಅದರಲ್ಲಿ ನಾಲ್ಕು ಸೀಟು ನಮ್ಮ ಮನೆಯವು. ಅದು ಹೇಗಾಯಿತೆಂದು ಹೇಳುತ್ತೇನೆ. ಹೇಳುವಾಗ ನಾನು ಒಳ್ಳೆಯವಳಾಗಿ ಕಾಣುವುದಿಲ್ಲ. ಅದಕ್ಕೇನೂ ಮಾಡುವ ಹಾಗಿಲ್ಲ.

ನಾನು ಹುಬ್ಬಳ್ಳಿಯವಳು. ನಮ್ಮ ಕಡೆಯ ಅಡ್ಡಹೆಸರುಗಳು ಊರಿನವಿರುತ್ತವೆ, ಕಸುಬಿನವಿರುತ್ತವೆ, ಎಷ್ಟೋ ಸಲ ಅಡುಗೆಮನೆಯ ಸಾಮಾನಿನವೂ ಇರುತ್ತವೆ. ನಮ್ಮದು ಒಂದು ತರಕಾರಿ. ನೆಲದೊಳಗೆ ಬೆಳೆಯುವಂಥದ್ದು, ಹೆಚ್ಚುವಾಗ ಕಣ್ಣಲ್ಲಿ ನೀರು ತರಿಸುವಂಥದ್ದು. ಹುಬ್ಬಳ್ಳಿಯಲ್ಲಿ ಅದಕ್ಕೆ ಯಾರೂ ನಗುತ್ತಿರಲಿಲ್ಲ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಮೂವತ್ತು ವರ್ಷ ಊರಿನ ಅರ್ಧ ಮಕ್ಕಳು ಅವರನ್ನು ಆ ತರಕಾರಿಯ ಹೆಸರಿಗೆ 'ಸರ್' ಸೇರಿಸಿಯೇ ಕರೆದವರು. ಬೆಂಗಳೂರಿಗೆ ಎಂಎಸ್ಸಿ ಓದಲು ಹೋದ ಮೇಲೆ ಮೊದಲ ಸಲ ಹಾಜರಿ ಕೂಗುವಾಗ ಕ್ಲಾಸು ನಕ್ಕಿತು. ಅವತ್ತಿನಿಂದ ನನಗೆ ಆ ಹೆಸರೆಂದರೆ ಒಂದು ತರಹದ ಮುಜುಗರ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದರಲ್ಲಿ ಈ ಮುಜುಗರದ ಪಾಲೂ ಇದೆ.

ಪಿಎಚ್‌ಡಿಗೆ ಜರ್ಮನಿಯ ಯೇನಾ ಎಂಬ ಊರಿಗೆ ಬಂದೆ. ಲೆನ್ಸುಗಳ ಮೇಲೆ ಬಳಿಯುವ ತೆಳುಪದರಗಳು ನನ್ನ ವಿಷಯ. ಪಕ್ಕದ ಮೇಜಿನಲ್ಲಿ ಲೆನ್ಸುಗಳ ವಿನ್ಯಾಸ ಮಾಡುತ್ತಿದ್ದವನು ಸ್ಪೇನಿನವನು. ಒಳ್ಳೆಯ ಧ್ವನಿ, ಚೆನ್ನಾಗಿ ಅಡುಗೆ ಮಾಡುತ್ತಿದ್ದ, ಯಾರ ಜೊತೆಗೂ ಜಗಳಕ್ಕೆ ಹೋಗುತ್ತಿರಲಿಲ್ಲ. ಆ ಕೊನೆಯ ಗುಣವನ್ನು ನಾನು ಸೌಜನ್ಯ ಅಂದುಕೊಂಡಿದ್ದೆ. ಮೊದಲ ಸಲ ಅವನ ಮನೆಗೆ ಹೋದಾಗ ಕೆಳಗಿನ ಗಂಟೆಯ ಫಲಕದಲ್ಲಿ ಅವನ ಹೆಸರು ಓದಲು ಒದ್ದಾಡಿದೆ. ಅವನು ಕೆಳಗಿಳಿದು ಬಂದು, ಹೇಗೆ ಉಚ್ಚರಿಸಬೇಕೆಂದು ಹೇಳಿಕೊಟ್ಟು, ಅದರ ಕಥೆಯನ್ನೂ ಹೇಳಿದ. ಉತ್ತರ ಸ್ಪೇನಿನ ಬೆಟ್ಟದ ಮೇಲೆ ಆರೇಳು ಮನೆಗಳ ಒಂದು ಹಳ್ಳಿ. ಹಳ್ಳಿಗೆ ಹತ್ತಿರದ ಹಳ್ಳದಂಡೆಯ ಮರಗಳಿಂದ ಬಂದ ಹೆಸರು, ಹಳ್ಳಿಯಿಂದ ಇವರ ವಂಶಕ್ಕೆ. ಯಾವುದೋ ಯುದ್ಧದಲ್ಲಿ ಹೋರಾಡಿದ್ದಕ್ಕೆ ರಾಜ ಕೊಟ್ಟ ಕಲ್ಲಿನ ಮನೆ, ಬಾಗಿಲ ಮೇಲೆ ಕೆತ್ತಿದ ಲಾಂಛನ. "ಅಪ್ಪ ಇದನ್ನೆಲ್ಲ ಇನ್ನೂ ಚೆನ್ನಾಗಿ ಹೇಳ್ತಾರೆ" ಅಂದ. ಕೇಳುತ್ತ ಕೇಳುತ್ತ ನನಗೆ ಆ ಹೆಸರಿನ ಮೇಲೆ ಆಸೆಯಾಯಿತು.

ಮದುವೆ ಯೇನಾದ ಸ್ಟಾಂಡೆಸಾಮ್ಟಿನಲ್ಲಿ, ಅಂದರೆ ಜನನ, ಮದುವೆ, ಮರಣಗಳನ್ನು ಬರೆದುಕೊಳ್ಳುವ ಕಚೇರಿಯಲ್ಲಿ. ಅಲ್ಲಿನ ಹೆಂಗಸು, ಇಬ್ಬರಿಗೂ ಸೇರಿ ಒಂದೇ ಕುಟುಂಬದ ಹೆಸರು ಬೇಕಾ ಎಂದು ಕೇಳಿದಳು. ಸ್ಪೇನಿನಲ್ಲಿ ಆ ಪದ್ಧತಿಯೇ ಇಲ್ಲ. ಪ್ರತಿಯೊಬ್ಬರಿಗೂ ಅಪ್ಪನದೊಂದು, ಅಮ್ಮನದೊಂದು, ಎರಡು ಅಡ್ಡಹೆಸರು, ಮದುವೆಯಾದರೂ ಹೆಣ್ಣುಮಕ್ಕಳು ತಮ್ಮದನ್ನೇ ಇಟ್ಟುಕೊಳ್ಳುತ್ತಾರೆ. ಆದರೆ ಜರ್ಮನ್ ಕಾನೂನಿನ ಪ್ರಕಾರ ನಾವು ಅವನ ಅಪ್ಪನ ಹೆಸರನ್ನು ಇಬ್ಬರಿಗೂ ಆರಿಸಿಕೊಳ್ಳಬಹುದಿತ್ತು. ಅವನು ನನ್ನ ಮುಖ ನೋಡಿದ. ಬೇಕು ಅಂದವಳು ನಾನೇ.

ಅವತ್ತು ಸಂಜೆ ಹುಬ್ಬಳ್ಳಿಗೆ ಫೋನ್ ಮಾಡಿದೆ.

"ಹೆಸರ ಬದಲಿ ಮಾಡ್ಕೊಂಡ್ಯಂತ?" ಅಪ್ಪ ಕೇಳಿದರು.

"ಹೂಂ ಅಪ್ಪಾ. ಇಲ್ಲೆ ಆಫೀಸಿನ ಕೆಲಸಕ್ಕೆಲ್ಲಾ ಅನುಕೂಲ ಆಗ್ತದ."

"ಅನುಕೂಲ ಆಗ್ತದಂದ್ರ ಆತವಾ," ಅಂದರು. ಆಮೇಲೆ ಊಟ ಏನಿತ್ತು ಎಂದು ಕೇಳಿದರು. ನಾನು ಅವರಿಗೆ ಒಬ್ಬಳೇ ಮಗಳು.

ಮದುವೆಯ ಊಟ ಊರಾಚೆಯ ಒಂದು ಹೋಟೆಲಿನಲ್ಲಿತ್ತು. ಮಾವ ಸ್ಪೇನಿನಿಂದ ಬಂದಿದ್ದರು. ಎತ್ತರದ ಮನುಷ್ಯ, ಇಸ್ತ್ರಿ ಮಾಡಿದ ಕರವಸ್ತ್ರ, ತಮ್ಮ ಊರಿನ ಜನನ ಮರಣ ನೋಂದಣಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ವಂಶಾವಳಿ ಹುಡುಕುವುದೇ ಅವರ ಕೆಲಸವಾಗಿತ್ತು. ಸೊಸೆ ತಮ್ಮ ಹೆಸರು ತೆಗೆದುಕೊಂಡಿದ್ದಾಳೆಂದು ಕೇಳಿ ಅವರ ಮುಖ ಒಂದು ಕ್ಷಣ ಬಿಗಿಯಿತು. ನಂತರ ಮಗನನ್ನು ಕೇಳಿದರು, "ಇವಳ ಹಳೆಯ ಹೆಸರಿನ ಅರ್ಥ ಏನು?" ಅವನು ಹೇಳಿದ. ಮಾವ ಗ್ಲಾಸು ಹಿಡಿದು ಎದ್ದು ನಿಂತರು. ಎಲ್ಲರಿಗೂ ತಿಳಿಯಲಿ ಎಂದು ಇಂಗ್ಲಿಷಿನಲ್ಲೇ ಮಾತಾಡಿದರು. "ನಮ್ಮ ಮನೆತನದ ಲಾಂಛನದಲ್ಲಿ ಒಂದು ಮರ, ಒಂದು ತೋಳ ಇವೆ. ಇವತ್ತಿನಿಂದ ಒಂದು ಈರುಳ್ಳಿಯನ್ನೂ ಸೇರಿಸಬೇಕಾಗಿದೆ."

ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕ. ನಾನೂ ನಕ್ಕೆ. ಈಗ ಯೋಚಿಸಿದರೆ ನನ್ನ ಆ ನಗುವಿಗೇ ಹೆಚ್ಚು ಸಿಟ್ಟು ಬರುತ್ತದೆ.

ಮರುವರ್ಷ ಬೇಸಿಗೆಯಲ್ಲಿ ಅವರು ಎರಡು ವಾರ ನಮ್ಮ ಮನೆಯಲ್ಲಿದ್ದರು. ಬರುವಾಗ ಒಂದು ಉದ್ದನೆಯ ಕಾಗದದ ಸುರುಳಿ ತಂದಿದ್ದರು. ಊಟದ ಮೇಜಿನ ಮೇಲೆ ಹಾಸಿ, ನಾಲ್ಕು ಮೂಲೆಗೆ ಹುಬ್ಬಳ್ಳಿಯಿಂದ ಅವ್ವ ಕಳಿಸಿದ್ದ ಸ್ಟೀಲ್ ಲೋಟಗಳನ್ನು ಇಟ್ಟರು. ಅವರ ವಂಶಾವಳಿ. ಕಪ್ಪು ಶಾಯಿಯ ಸಣ್ಣ ಅಕ್ಷರಗಳು, ಅಡ್ಡ ಉದ್ದ ಗೆರೆಗಳು, ಪಕ್ಕದಲ್ಲಿ ಇನ್ನೊಂದು ಹಾಳೆ. ಆ ಹಾಳೆಯಲ್ಲಿ ಯಾವ ದೇಶದಲ್ಲಿ, ಸ್ಪೇನಿನ ಯಾವ ಪ್ರಾಂತ್ಯದಲ್ಲಿ ಈ ಹೆಸರಿನವರು ಎಷ್ಟು ಜನ ಎಂಬ ಪಟ್ಟಿ. ಅಲ್ಲಿನ ಸರ್ಕಾರದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ತಮ್ಮ ಹೆಸರು ಹಾಕಿ ನೋಡಬಹುದಂತೆ. ತೀರಾ ಕಡಿಮೆ ಜನರಿರುವ ಕಡೆ ಅದು ಸಂಖ್ಯೆಯನ್ನೇ ತೋರಿಸುವುದಿಲ್ಲ. "ನಮ್ಮದು ಹೆಚ್ಚಿನ ಕಡೆ ತೋರಿಸುವುದೇ ಇಲ್ಲ," ಎಂದು ಮಾವ ಬೆರಳಿನಿಂದ ಖಾಲಿ ಜಾಗಗಳನ್ನು ತೋರಿಸಿದರು, ಅದೊಂದು ಪದಕ ಎಂಬಂತೆ.

ಸುರುಳಿಯಲ್ಲಿ ನನ್ನನ್ನು ಹುಡುಕಿದೆ. ಗಂಡನ ಅಮ್ಮ, ಅಜ್ಜಿ, ಮುತ್ತಜ್ಜಿ ಎಲ್ಲರೂ ತಮ್ಮ ತಮ್ಮ ತವರಿನ ಹೆಸರಿನಲ್ಲಿ, ಶಾಯಿಯಲ್ಲಿ ಇದ್ದರು. ಗಂಡನ ಪಕ್ಕದಲ್ಲಿ ಮಾತ್ರ ಪೆನ್ಸಿಲಿನಲ್ಲಿ ಒಂದೇ ಪದ. 'ಸೆಬೋಯಾ.' ಸ್ಪ್ಯಾನಿಷಿನಲ್ಲಿ ಈರುಳ್ಳಿ.

"ಇದು ಯಾಕೆ ಪೆನ್ಸಿಲಿನಲ್ಲಿ?" ಎಂದು ಕೇಳಿದೆ.

"ಶಾಯಿಯಲ್ಲಿ ಬರೆದರೆ ಅಳಿಸೋಕೆ ಆಗಲ್ಲ," ಎಂದು ನಕ್ಕರು.

ಗಂಡ ಒಳಗೆ ಕಾಫಿ ಮಾಡುತ್ತಿದ್ದ. ರಾತ್ರಿ ಮಲಗುವಾಗ ಅವನಿಗೆ ಹೇಳಿದೆ. "ಅಪ್ಪನ ತಮಾಷೆ ಹಾಗೇ ಇರುತ್ತೆ, ತಲೆಗೆ ಹಚ್ಕೋಬೇಡ," ಅಂದ.

ಆ ನಂತರದ ಮೂರು ವರ್ಷಗಳಲ್ಲಿ ಎರಡು ಸಲ ಬಸಿರಾದೆ. ಎರಡು ಸಲವೂ ಮೂರು ತಿಂಗಳು ದಾಟಲಿಲ್ಲ. ಎರಡನೆಯದಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಮಲಗುವ ಕೋಣೆಯಲ್ಲಿ ಬಿದ್ದುಕೊಂಡಿದ್ದೆ. ಅಡುಗೆಮನೆಯಲ್ಲಿ ಗಂಡ ಪಾತ್ರೆ ತೊಳೆಯುತ್ತಿದ್ದ, ಫೋನನ್ನು ಸ್ಪೀಕರಿಗೆ ಹಾಕಿ ಅಪ್ಪನ ಜೊತೆ ಮಾತಾಡುತ್ತಿದ್ದ. ಅವರಿಬ್ಬರಿಗೂ ಗೊತ್ತಿಲ್ಲದ ಸಂಗತಿಯೊಂದಿತ್ತು. ಒಂದೂವರೆ ವರ್ಷದಿಂದ ನಾನು ಊರಿನ ಸಂಜೆ ತರಗತಿಗೆ ಹೋಗಿ ಸ್ಪ್ಯಾನಿಷ್ ಕಲಿಯುತ್ತಿದ್ದೆ. ಲ್ಯಾಬಿನಲ್ಲಿ ಕೆಲಸ ಇದೆ ಎಂದು ಸುಳ್ಳು ಹೇಳಿ ಹೋಗುತ್ತಿದ್ದೆ. ಆ ವರ್ಷದ ಕ್ರಿಸ್ಮಸ್ಸಿಗೆ ಮಾವನ ಮನೆಗೆ ಹೋದಾಗ ಅವರ ಭಾಷೆಯಲ್ಲೇ ಮಾತಾಡಿ ಎಲ್ಲರನ್ನೂ ಬೆರಗುಗೊಳಿಸಬೇಕು ಎಂಬ ಹುಚ್ಚು.

ಮಾವನ ಮಾತು ಸ್ಪಷ್ಟವಾಗಿ ಕೇಳಿಸಿತು. "ಆ ಹೊಲದಲ್ಲಿ ನಮ್ಮ ಬೆಳೆ ಬರಲ್ಲ ಮಗನೇ. ವಯಸ್ಸಿರುವಾಗಲೇ ಬೇರೆ ಕಡೆ ನೋಡು. ಹೆಸರು ನಿನ್ನಲ್ಲಿಗೇ ನಿಂತುಹೋಗುತ್ತೆ."

ನಲ್ಲಿಯ ನೀರು ನಿಂತಿತು. ಗಂಡ ಏನು ಹೇಳುತ್ತಾನೆಂದು ಕಾದೆ. ಬೈಯಬೇಕಾಗಿರಲಿಲ್ಲ. ಫೋನ್ ಇಟ್ಟಿದ್ದರೂ ಸಾಕಿತ್ತು.

"ನೋಡೋಣ ಅಪ್ಪ," ಅಂದ.

ನೀರು ಮತ್ತೆ ಶುರುವಾಯಿತು.

ನನಗೆ ಅರ್ಥವಾಯಿತೆಂದು ನಾನು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಬಹಳ ಜನ ಕೇಳಿದ್ದಾರೆ. ಹೇಳಿದ್ದರೆ ಅವನು ಕ್ಷಮೆ ಕೇಳುತ್ತಿದ್ದ, ಕ್ಷಮೆ ಕೇಳಿದ್ದರೆ ನಾನು ಕ್ಷಮಿಸಬೇಕಾಗುತ್ತಿತ್ತು. ನನಗೆ ಕ್ಷಮಿಸುವುದು ಬೇಕಿರಲಿಲ್ಲ. ಕ್ರಿಸ್ಮಸ್ಸಿಗೆ ಸ್ಪೇನಿಗೆ ಹೋಗಲಿಲ್ಲ, ತರಗತಿಯನ್ನು ಬಿಡಲೂ ಇಲ್ಲ.

ಒಂದು ವರ್ಷದೊಳಗೆ ಅವನಿಗೆ ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗಿನಲ್ಲಿ ಕೆಲಸ ಸಿಕ್ಕಿತು. ನಾನು ಯೇನಾದಲ್ಲೇ ಉಳಿದೆ. ಕೆಲವು ತಿಂಗಳಲ್ಲಿ ಅಲ್ಲಿ ಒಬ್ಬಳು ಇದ್ದಾಳೆಂದು ಅವನೇ ಹೇಳಿದ, ಅದೇ ಒಳ್ಳೆಯ ಧ್ವನಿಯಲ್ಲಿ. ಇಲ್ಲಿ ವಿಚ್ಛೇದನಕ್ಕೆ ಮೊದಲು ಒಂದು ವರ್ಷ ಬೇರೆ ಇರಬೇಕು. ಇದ್ದೆವು. ನ್ಯಾಯಾಲಯದಲ್ಲಿ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ಈಗ ಹೇಳುವ ಸಂಗತಿಯನ್ನು ಯಾರೂ ನಂಬುವುದಿಲ್ಲ, ಆದರೆ ನಿಜ. ಆ ಹೆಸರನ್ನು ವಾಪಸು ಕೊಡಬೇಕೆಂದೇ ನಾನು ತೀರ್ಮಾನಿಸಿದ್ದೆ. ತವರಿನ ಹೆಸರಿಗೆ ಮರಳುವ ಅರ್ಜಿಯನ್ನು ಸ್ಟಾಂಡೆಸಾಮ್ಟಿನಿಂದ ತಂದು, ತುಂಬಿ, ಸಹಿ ಹಾಕಿ, ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೆ. ಮರುದಿನ ಬೆಳಿಗ್ಗೆ ಹೋಗಿ ಕೊಡುವುದಿತ್ತು. ಅವತ್ತು ಮಧ್ಯಾಹ್ನ ಅಂಚೆಯಲ್ಲಿ ಮಾವನ ಪತ್ರ ಬಂತು.

ಟೈಪು ಮಾಡಿದ ಇಂಗ್ಲಿಷ್ ಪತ್ರ. ವಿಚ್ಛೇದನದ ಬಗ್ಗೆ ಒಂದು ಸಾಲು, ನನ್ನ ಆರೋಗ್ಯದ ಬಗ್ಗೆ ಒಂದೂ ಇಲ್ಲ. ನೇರವಾಗಿ ವಿಷಯಕ್ಕೆ ಬಂದಿದ್ದರು. 'ನಮ್ಮ ಹೆಸರಿನವರು ಕೆಲವೇ ಜನ. ಆದ್ದರಿಂದ ಪ್ರತಿಯೊಬ್ಬರೂ ಲೆಕ್ಕಕ್ಕೆ ಬರುತ್ತಾರೆ. ಜರ್ಮನಿಯಲ್ಲಿ ಈಗ ಇಬ್ಬರಿದ್ದಾರೆ. ಅವರಲ್ಲಿ ಒಬ್ಬರು ನಿಜವಾದವರಲ್ಲ. ದಯವಿಟ್ಟು ನಿಮ್ಮದಲ್ಲದ್ದನ್ನು ಕೂಡಲೇ ಹಿಂದಿರುಗಿಸಿ. ಹಿಂದಿರುಗಿಸಿದ ದಾಖಲೆಯ ಪ್ರತಿಯನ್ನು ನನಗೆ ಕಳಿಸಿ.' ಜೊತೆಗೆ ಆ ಪಟ್ಟಿಯ ಒಂದು ನಕಲು. ಜರ್ಮನಿಯ ಸಾಲಿನಲ್ಲಿ ಕೆಂಪು ಪೆನ್ನಿನ ಗುರುತು.

ನಿಂತುಕೊಂಡೇ ಎರಡು ಸಲ ಓದಿದೆ. ಆಮೇಲೆ ಮೇಜಿನ ಮೇಲಿದ್ದ ನನ್ನ ಅರ್ಜಿಯನ್ನು ತೆಗೆದುಕೊಂಡು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಹರಿದು, ರದ್ದಿ ಕಾಗದ ಹಾಕುವ ನೀಲಿ ಡಬ್ಬಿಗೆ ಹಾಕಿದೆ. ಅಷ್ಟು ದಿನಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ.

ಮರುದಿನ ಅದೇ ಕಚೇರಿಗೆ ಹೋದೆ, ಬೇರೆ ಪ್ರಶ್ನೆ ಹಿಡಿದುಕೊಂಡು. ನಮ್ಮ ಮದುವೆ ಮಾಡಿಸಿದ್ದ ಹೆಂಗಸೇ ಕೂತಿದ್ದಳು.

"ಗಂಡನ ಮನೆಯವರು ಈ ಹೆಸರನ್ನು ಕಿತ್ತುಕೊಳ್ಳಬಹುದಾ?"

"ಅದು ನಿಮ್ಮ ಹೆಸರು," ಅಂದಳು. "ಬಿಡೋದು ಇಟ್ಕೊಳ್ಳೋದು ನಿಮಗೆ ಬಿಟ್ಟದ್ದು."

ಸಿಟ್ಟು ನನ್ನನ್ನು ಶ್ರದ್ಧೆಯ ವಿದ್ಯಾರ್ಥಿಯನ್ನಾಗಿ ಮಾಡಿತು. ಮಾವ ಆ ಬೇಸಿಗೆಯಲ್ಲಿ ಮಗನಿಗೆಂದು ಬಿಟ್ಟುಹೋಗಿದ್ದ ಹಳೆಯ ದಾಖಲೆಗಳ ನಕಲುಗಳ ಕಟ್ಟು ನನ್ನ ಕಪಾಟಿನಲ್ಲೇ ಉಳಿದಿತ್ತು. ಗಂಡ ಹೋಗುವಾಗ ಅದನ್ನು ಒಯ್ಯುವಷ್ಟು ಆಸಕ್ತಿ ತೋರಿಸಿರಲಿಲ್ಲ. ಚರ್ಚಿನ ಜ್ಞಾನಸ್ನಾನದ ಪುಸ್ತಕಗಳ ಪುಟಗಳು. ನನ್ನ ಸ್ಪ್ಯಾನಿಷ್ ಆಗ ಅಷ್ಟಕ್ಕೆ ಸಾಕಾಗುವಷ್ಟಿತ್ತು. ಪ್ರತಿ ಶನಿವಾರ ಒಂದೊಂದು ಪುಟ ಇಟ್ಟುಕೊಂಡು ಕೂತೆ. ಕೈಬರಹ ಬಿಡಿಸಲು ಲ್ಯಾಬಿನ ಭೂತಗನ್ನಡಿ ತಂದೆ.

ರಾಜ ಇರಲಿಲ್ಲ, ಯುದ್ಧವೂ ಇರಲಿಲ್ಲ. ಎಲ್ಲಕ್ಕಿಂತ ಹಳೆಯ ಪುಟದಲ್ಲಿದ್ದವನು ಹೇಸರಗತ್ತೆಗಳ ಮೇಲೆ ಸಾಮಾನು ಹೇರುವವನು. ಬೆಟ್ಟದ ಹಳ್ಳಿ ಬಿಟ್ಟು ಪೇಟೆಗೆ ಬಂದವನು. ಪೇಟೆಯ ಪಾದ್ರಿ ಅವನ ಹೆಸರಿನ ಮುಂದೆ ಅವನ ಹಳ್ಳಿಯ ಹೆಸರು ಬರೆದುಕೊಂಡಿದ್ದ. ಅಷ್ಟೇ. ನಮ್ಮ ಕಡೆ ಎಷ್ಟು ಮನೆತನಗಳಿಗೆ ಬಿಟ್ಟು ಬಂದ ಊರೇ ಹೆಸರಾಗಿದೆಯೋ ಹಾಗೆ. ಆದರೆ ಅವನ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿತ್ತು. ಅವನ ಮಗನ ಪುಟದಲ್ಲೂ ಹೆಚ್ಚಿತ್ತು. ಮೊಮ್ಮಗನ ಜ್ಞಾನಸ್ನಾನದ ಪುಟದಲ್ಲಿ, ಹೊಸ ಕೈಬರಹದಲ್ಲಿ, ಆ ಅಕ್ಷರ ಬಿಟ್ಟುಹೋಗಿತ್ತು. ಅಲ್ಲಿಂದ ಮುಂದೆ ಯಾರೂ ಅದನ್ನು ವಾಪಸು ಸೇರಿಸಲಿಲ್ಲ. ಆ ಅಕ್ಷರ ಸೇರಿಸಿ ಸ್ಪೇನಿನ ವೆಬ್‌ಸೈಟಿನಲ್ಲಿ ಹುಡುಕಿದೆ. ಪಟ್ಟಿ ತುಂಬಿಹೋಯಿತು. ಒಂದು ಪ್ರಾಂತ್ಯವೂ ಖಾಲಿ ಇರಲಿಲ್ಲ. ಕಟುಕರು, ಟ್ಯಾಕ್ಸಿಯವರು, ಹಲ್ಲಿನ ಡಾಕ್ಟರರು, ಎಲ್ಲರಿಗೂ ಇರುವ ಸಾಮಾನ್ಯ ಹೆಸರು. ಇವರ ಹೆಸರು ಅಪರೂಪವಾದದ್ದು ಯಾವನೋ ಒಬ್ಬ ಬರೆಯುವಾಗ ತಪ್ಪು ಮಾಡಿದ್ದರಿಂದ.

ಜೀವಮಾನವಿಡೀ ನೋಂದಣಿ ಕಚೇರಿಯಲ್ಲಿ ಹೆಸರು ಬರೆದ ಮನುಷ್ಯನಿಗೆ ಇದು ಕಾಣಿಸದೆ ಇರಲು ಸಾಧ್ಯವಿಲ್ಲ. ನಕಲು ಮಾಡಿಸಿದವರೇ ಅವರು.

ಮಗನ ಪುಟ, ಮೊಮ್ಮಗನ ಪುಟ ಎರಡನ್ನೂ ಪಕ್ಕಪಕ್ಕ ಇಟ್ಟು ಫೋಟೋ ತೆಗೆದು, ಬಿಟ್ಟುಹೋದ ಅಕ್ಷರದ ಜಾಗಕ್ಕೆ ಕೆಂಪು ಗುರುತು ಹಾಕಿ, ಅವರ ಪತ್ರಕ್ಕೆ ಉತ್ತರ ಬರೆದೆ. 'ಇದು ತಪ್ಪಾಗಿ ಬಂದ ಹೆಸರು ಎಂದ ಮೇಲೆ ಅದರಲ್ಲಿ ನಿಜವಾದವರು ಯಾರೂ ಇಲ್ಲ. ಆದ್ದರಿಂದ ನಾನು ಇಟ್ಟುಕೊಳ್ಳುತ್ತೇನೆ.' ಇಂಗ್ಲಿಷಿನಲ್ಲೇ ಬರೆದೆ. ಸ್ಪ್ಯಾನಿಷನ್ನು ಇನ್ನೂ ತೋರಿಸಲಿಲ್ಲ. ಉತ್ತರ ಬರಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಾನು ಬರೆದ ಪ್ರತಿ ಸಂಶೋಧನಾ ಲೇಖನದಲ್ಲೂ ಆ ಹೆಸರನ್ನು ಪೂರ್ತಿ ಹಾಕಿಸಿದೆ. ಸಮ್ಮೇಳನಗಳಲ್ಲಿ, ಪೇಟೆಂಟ್ ಅರ್ಜಿಗಳಲ್ಲಿ, ಶಾಲಾ ಮಕ್ಕಳಿಗೆ ಬೆಳಕಿನ ಬಗ್ಗೆ ಮಾಡಿದ ಒಂದು ಭಾಷಣದ ಭಿತ್ತಿಪತ್ರದಲ್ಲೂ. ಇಂಟರ್‌ನೆಟ್ಟಿನಲ್ಲಿ ಆ ಹೆಸರು ಹುಡುಕಿದರೆ ಮೊದಲು ನನ್ನ ಮುಖವೇ ಬರುವ ಹಾಗಾಯಿತು. ಒಂದು ದಿನ ಹಳೆಯ ಗಂಡ ಫೋನ್ ಮಾಡಿದ.

"ಅಪ್ಪ ನಮ್ಮ ಹೆಸರಿಗೆ ಅಲರ್ಟ್ ಹಾಕಿಟ್ಟಿದ್ದಾರೆ. ಎಲ್ಲಾದರೂ ಹೊಸದಾಗಿ ಬಂದರೆ ಅವರಿಗೆ ಮೇಲ್ ಬರುತ್ತೆ. ಪ್ರತಿ ಸಲ ನೀನೇ. ಬೇಕಂತಲೇ ಮಾಡ್ತಿದ್ದೀಯಾ?"

"ಹೌದು," ಅಂದೆ.

"ಅವರಿಗೆ ಎಪ್ಪತ್ತೇಳು ವರ್ಷ."

"ಹಾಗಾದರೆ ಬೇಗ ಬೇಗ ಬರೀತೀನಿ."

ಅವನಿಗೆ ಆ ಹೆಂಗಸಿನ ಜೊತೆ ಮದುವೆಯಾಗಿತ್ತು, ಮಕ್ಕಳಿರಲಿಲ್ಲ. ಅದನ್ನು ಕೇಳಿ ಖುಷಿಪಟ್ಟೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಪಟ್ಟೆ.

ಕೆಲಸ ಡ್ರೆಸ್ಡೆನ್ನಿಗೆ ಬದಲಾಯಿತು. ಅಲ್ಲಿ ಕನ್ನಡದವರ ಯುಗಾದಿ ಊಟದಲ್ಲಿ, ಒಂದು ಶಾಲೆಯ ಜಿಮ್ ಹಾಲಿನಲ್ಲಿ, ಒಬ್ಬರು ಹೋಳಿಗೆ ಬಡಿಸುತ್ತ "ಇನ್ನೊಂದು ತಗೋರಿ, ತುಪ್ಪ ಹಾಕಿಲ್ಲ ಇನ್ನಾ" ಅಂದರು. ವಿಜಯಪುರದ ಕಡೆಯ ಮಾತು ಕೇಳಿ ತಲೆಯೆತ್ತಿದೆ. ಚಿಪ್ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ಅವರ ತೊಂದರೆ ನನ್ನದರ ಉಲ್ಟಾ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗವೇ ಖಾಲಿ. ಜರ್ಮನ್ ಕಚೇರಿಗಳು ಖಾಲಿ ಜಾಗವನ್ನು ಒಪ್ಪುವುದಿಲ್ಲ. ಅವರ ಹೆಸರನ್ನು ಅಡ್ಡಹೆಸರು ಮಾಡಿ, ಮೊದಲ ಹೆಸರಿನ ಜಾಗಕ್ಕೆ ಮೂರು ಎಕ್ಸ್ ಹಾಕಿಬಿಟ್ಟಿದ್ದವು. "ಡಾಕ್ಟರ್ ಕಡೆ ಹೋದ್ರ ಎಕ್ಸ್ ಎಕ್ಸ್ ಎಕ್ಸ್ ಅಂತ ಕರೀತಾರ್ರಿ. ನಾನೂ ಎದ್ದು ಹೋಗ್ತೀನಿ," ಅಂದರು. ಬಹಳ ದಿನಗಳ ಮೇಲೆ ಮನಸ್ಸು ಬಿಟ್ಟು ನಕ್ಕೆ. ಒಂದೂವರೆ ವರ್ಷದಲ್ಲಿ 'ರೀ' ಹೋಗಿ 'ನೀ' ಆಯಿತು, ಮದುವೆಯ ಮಾತೂ ಆಯಿತು.

ಡ್ರೆಸ್ಡೆನ್ನಿನ ಸ್ಟಾಂಡೆಸಾಮ್ಟಿನಲ್ಲಿ ಮತ್ತೆ ಅದೇ ಪ್ರಶ್ನೆ. ಇಬ್ಬರಿಗೂ ಒಂದೇ ಹೆಸರು ಬೇಕಾ? ನಾನು ತವರಿನ ಹೆಸರಿಗೆ ಮರಳಿ ಅದನ್ನೇ ಇಬ್ಬರಿಗೂ ಇಡಬಹುದಿತ್ತು. ಹಾಗೆ ಮಾಡಬೇಕೆಂದೇ ಬಂದಿದ್ದೆವು. ಆದರೆ ಆ ಅಧಿಕಾರಿ ತನ್ನ ಪರದೆ ನೋಡಿ, "ಅಥವಾ ನೀವು ಈಗ ಇಟ್ಟುಕೊಂಡಿರುವ ಹೆಸರನ್ನೂ ಆರಿಸಬಹುದು," ಅಂದ.

"ಇದು ನನ್ನ ಮೊದಲ ಗಂಡನದು," ಅಂದೆ.

"ಕಾನೂನಿನ ಪ್ರಕಾರ ನಿಮ್ಮದು. ನಿಮ್ಮ ಯಜಮಾನರಿಗೆ ಕೊಡಬಹುದು. ಮಕ್ಕಳಾದರೆ ಅವರಿಗೂ ಹೋಗುತ್ತೆ."

ಆ ಮಾತು ಕೇಳಿದ ಕೂಡಲೇ ನನ್ನೊಳಗೆ ಏನಾಯಿತೆಂದು ಈಗಲೂ ನೆನಪಿದೆ. ಬಾಯಾರಿದವಳಿಗೆ ನೀರು ಕಂಡ ಹಾಗೆ. ಒಂದು ವಾರ ಸಮಯ ಕೇಳಿ ಹೊರಗೆ ಬಂದೆವು. ಟ್ರಾಮ್ ಸ್ಟಾಪಿನವರೆಗೆ ನಡೆದೆವು. ಬೆಂಚಿನ ಮೇಲೆ ಕೂತ ಮೇಲೆ ಅವನು ಕೇಳಿದ.

"ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ. ಈ ಹೆಸರ ನನಗ ಕೊಡಬೇಕಂತಿ ಅಲಾ, ಅದು ನಾ ಬೇಕಂತೋ, ಆ ಮುದುಕ ಬ್ಯಾಡಂತೋ?"

"ಎರಡೂ."

"ಮೊದಲ ಯಾವದು?"

ಸುಳ್ಳು ಹೇಳಲು ಬಾಯಿ ತೆರೆದೆ. ಆಗಲಿಲ್ಲ. "ಮುದುಕ," ಅಂದೆ.

ನಮ್ಮ ಟ್ರಾಮ್ ಬಂತು, ಹೋಯಿತು. ಅವನು ಎದ್ದಿರಲಿಲ್ಲ. ಎಲ್ಲ ಮುಗಿಯಿತು ಅಂದುಕೊಂಡೆ. ಇನ್ನೊಂದು ಟ್ರಾಮ್ ಬರುವ ಹೊತ್ತಿಗೆ ಅವನೆಂದ, "ಖರೇ ಹೇಳಿದೆಲಾ, ಅಷ್ಟ ಸಾಕು. ಸೈ ಹಾಕ್ತೀನಿ. ಎಕ್ಸ್ ಎಕ್ಸ್ ಎಕ್ಸ್‌ಗಿಂತ ಏನೂ ಕಡಿಮಿ ಇಲ್ಲ. ಆದ್ರ ಈ ಸಿಟ್ಟನ್ನ ಮನಿಯೊಳಗ ತರಬ್ಯಾಡ."

ತರುವುದಿಲ್ಲ ಎಂದು ಮಾತು ಕೊಟ್ಟೆ. ಆ ಮಾತನ್ನು ಪೂರ್ತಿ ಉಳಿಸಿಕೊಂಡಿಲ್ಲ.

ಮರುವರ್ಷ ಮಾರ್ಚಿನಲ್ಲಿ ಅವಳಿ ಮಕ್ಕಳಾದವು. ಒಂದು ಹೆಣ್ಣು, ಒಂದು ಗಂಡು. ನನಗೆ ನಲವತ್ತೊಂದು. ಡಾಕ್ಟರು ಕೊನೆಯ ತಿಂಗಳು ಹಾಸಿಗೆಯಿಂದ ಏಳಬೇಡ ಅಂದಿದ್ದರು. ಬಿದ್ದುಕೊಂಡೇ ಮಾವನಿಗೆ ಬರೆಯಬೇಕಾದ ಪತ್ರದ ವಾಕ್ಯಗಳನ್ನು ಮನಸ್ಸಿನಲ್ಲಿ ತಿದ್ದುತ್ತಿದ್ದೆ. ಮಕ್ಕಳ ಜನನ ಪತ್ರ ಕೈಗೆ ಬಂದ ದಿನವೇ ಪ್ರತಿ ತೆಗೆಸಿದೆ. ಎರಡೂ ಪತ್ರಗಳಲ್ಲಿ ಎರಡು ಒಳ್ಳೆಯ ಕನ್ನಡದ ಹೆಸರು, ಅದರ ಮುಂದೆ ಆ ಬೆಟ್ಟದ ಹಳ್ಳಿಯ ಹೆಸರು, ಒಂದು ಅಕ್ಷರ ಕಡಿಮೆ. ಜೊತೆಗೆ ಒಂದು ಫೋಟೋ. ಈ ಸಲ ಸ್ಪ್ಯಾನಿಷಿನಲ್ಲಿ ಒಂದೇ ಸಾಲು ಬರೆದೆ. 'ಜರ್ಮನಿಯಲ್ಲಿ ಈಗ ಐದು ಜನರಿದ್ದಾರೆ. ದಯವಿಟ್ಟು ಶಾಯಿಯಲ್ಲಿ ಬರೆಯಿರಿ.' ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ, ತಲುಪಿದ್ದಕ್ಕೆ ಸಹಿ ಬರುವ ಹಾಗೆ.

ಅದೇ ವಾರ ಹುಬ್ಬಳ್ಳಿಗೆ ವೀಡಿಯೋ ಕಾಲ್ ಮಾಡಿ ಮಕ್ಕಳನ್ನು ತೋರಿಸಿದೆ. ಅವ್ವ ಅತ್ತಳು, ನಕ್ಕಳು. ಅಪ್ಪ ಕನ್ನಡಕ ಹಾಕಿಕೊಂಡು ಮಕ್ಕಳ ಪೂರ್ತಿ ಹೆಸರು ಕೇಳಿದರು. ಹೇಳಿದೆ. ನಾನು ಮಾಡಿದ್ದನ್ನೆಲ್ಲ ಹೇಳಿದೆ, ಶಹಬ್ಬಾಸ್ ಅನ್ನುತ್ತಾರೆಂದು. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

"ಅಂವಾ ನಿನಗ ಅಂದಾ ಅಂತ ಅಂವನ ಹೆಸರನ್ನ ಬೆಳೆಸಿಕೊಟ್ಟಿ," ಅಂದರು. "ನನ್ನ ಹೆಸರ ಏನ ತಪ್ಪ ಮಾಡಿತ್ತವಾ?"

ಸಿಟ್ಟಿನಿಂದ ಕೇಳಲಿಲ್ಲ. ತಪ್ಪು ಲೆಕ್ಕ ಮಾಡಿದ ಹುಡುಗಿಯನ್ನು ಬೋರ್ಡಿನ ಹತ್ತಿರ ಕರೆದು ಯಾವ ಹಂತದಲ್ಲಿ ತಪ್ಪಿದೆ ಎಂದು ಕೇಳುವ ದನಿ ಅದು. ಮಗಳು ಅತ್ತಳು, ಫೋನ್ ಇಟ್ಟೆ. ಎರಡು ಸಲ ಅವಕಾಶ ಸಿಕ್ಕಿತ್ತು, ಎರಡು ಸಲವೂ ಅಪ್ಪನ ಹೆಸರನ್ನು ದಾಟಿ ಹೋಗಿದ್ದೆ. ಈ ಬಗ್ಗೆ ಅಪ್ಪ ಮತ್ತೆ ಮಾತೆತ್ತಿಲ್ಲ. ಮೊಮ್ಮಕ್ಕಳಿಗೆ ಪಾರ್ಸೆಲ್ ಕಳಿಸುವಾಗ ಡಬ್ಬದ ಮೇಲೆ ಆ ಸ್ಪ್ಯಾನಿಷ್ ಹೆಸರನ್ನು ಒಂದೊಂದೇ ಅಕ್ಷರ ನೋಡಿ, ಮಾಸ್ತರರ ದುಂಡು ಕೈಬರಹದಲ್ಲಿ, ತಪ್ಪಿಲ್ಲದೆ ಬರೆಯುತ್ತಾರೆ.

ಸ್ಪೇನಿನಿಂದ ಏಳು ತಿಂಗಳು ಏನೂ ಬರಲಿಲ್ಲ. ಅಕ್ಟೋಬರಿನ ಒಂದು ಮಧ್ಯಾಹ್ನ ಮಕ್ಕಳಿಗೆ ಗಂಜಿ ತಿನ್ನಿಸುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಮಾವ. ನನ್ನ ಜೊತೆ ಅವರು ಫೋನಿನಲ್ಲಿ ಮಾತಾಡಿದ್ದು ಅದೇ ಮೊದಲು. ಇಂಗ್ಲಿಷಿನಲ್ಲಿ ಶುರು ಮಾಡಿದರು. ನಾನು ಸ್ಪ್ಯಾನಿಷಿನಲ್ಲಿ ಉತ್ತರಿಸಿದೆ.

"ಆ ಸಾಲು ಯಾರಿಂದಲೋ ಬರೆಸಿದ್ದೀರಿ ಅಂದುಕೊಂಡಿದ್ದೆ," ಅಂದರು. "ನೀವು ಯಾವಾಗ ಕಲಿತಿರಿ?"

"ನಿಮ್ಮ ಸೊಸೆಯಾಗಿದ್ದಾಗ."

"ಇದನ್ನೆಲ್ಲ ಯಾಕೆ ಮಾಡಿದಿರಿ? ನಾನು ಪತ್ರ ಬರೆದಿದ್ದಕ್ಕಾ?"

ಈ ಪ್ರಶ್ನೆಗಾಗಿ ಎಷ್ಟೋ ವರ್ಷದಿಂದ ತಯಾರಾಗಿದ್ದೆ. ಆ ಭಾನುವಾರದ ಅವರ ವಾಕ್ಯವನ್ನು, ಹೊಲ, ಬೆಳೆ, ವಯಸ್ಸು, ಎಲ್ಲವನ್ನೂ ಅವರದೇ ಪದಗಳಲ್ಲಿ, ಅವರದೇ ರಾಗದಲ್ಲಿ ಒಪ್ಪಿಸಿದೆ. ಮುಗಿಸಿ ಕಾದೆ. ಆ ಮನುಷ್ಯ ಕುಸಿಯಬೇಕು, ಕನಿಷ್ಠ ತಡವರಿಸಬೇಕು.

"ನಾನು ಹಾಗೆ ಅಂದಿದ್ದೆನಾ?" ಅಂದರು. ಆಮೇಲೆ ನಿಧಾನವಾಗಿ, "ನನಗೆ ನೆನಪಿಲ್ಲ."

ಸುಳ್ಳಿರಲಿಲ್ಲ ಆ ದನಿಯಲ್ಲಿ. ನಿಜವಾಗಿಯೂ ನೆನಪಿರಲಿಲ್ಲ. ಯಾವ ಮಾತಿನ ಮೇಲೆ ನಾನು ಒಂದು ಮದುವೆ ಕಳೆದುಕೊಂಡು, ಇನ್ನೊಂದನ್ನು ಕಟ್ಟಿ, ಮಕ್ಕಳಿಗೆ ಹೆಸರಿಟ್ಟಿದ್ದೆನೋ ಆ ಮಾತು ಅವರಿಗೆ ಆ ಸಂಜೆಯ ಊಟದ ಹೊತ್ತಿಗೇ ಮರೆತುಹೋಗಿತ್ತು. ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ಮೇಜಿನ ಮೇಲೆ ಇಟ್ಟೆ, ಎಸೆದುಬಿಡುತ್ತೇನೆಂಬ ಹೆದರಿಕೆಯಿಂದ.

"ಮಕ್ಕಳು ಆರೋಗ್ಯವಾಗಿದ್ದಾರಾ?" ಎಂದು ಕೇಳಿದರು.

"ಆರೋಗ್ಯವಾಗಿದ್ದಾರೆ," ಅಂದೆ. "ನಿಮಗೆ ನೆನಪಿಲ್ಲದಿದ್ದರೆ ಪರವಾಗಿಲ್ಲ. ನಾನು ನೆನಪು ಮಾಡಿಕೊಡ್ತೀನಿ. ಪ್ರತಿ ವರ್ಷ." ಫೋನ್ ಇಟ್ಟೆ.

ಕೊಟ್ಟ ಮಾತಿನಂತೆ ಮಾಡುತ್ತಿದ್ದೇನೆ. ಪ್ರತಿ ಮಾರ್ಚಿನಲ್ಲಿ, ಹುಟ್ಟುಹಬ್ಬದ ವಾರ, ಮಕ್ಕಳ ಒಂದು ಫೋಟೋ, ಹಿಂದೆ ಇಬ್ಬರ ಪೂರ್ತಿ ಹೆಸರು, ಅದರ ಕೆಳಗೆ ಅವರ ಆ ವಾಕ್ಯ. ಗಂಡನಿಗೆ ಇದು ಇಷ್ಟವಿಲ್ಲ. "ಸಾಕ ಮಾಡ ಇನ್ನ. ಅಂವಗ ಎಂಬತ್ತ ದಾಟೇದ," ಎನ್ನುತ್ತಾನೆ. ಮಕ್ಕಳು ಅಂಚೆ ಕಚೇರಿಗೆ ನನ್ನ ಜೊತೆ ಬರುತ್ತಾರೆ. ಯಾರಿಗೆ ಎಂದು ಜರ್ಮನಿನಲ್ಲಿ ಕೇಳುತ್ತಾರೆ. ನಮ್ಮ ಹೆಸರಿನವರೊಬ್ಬರಿಗೆ ಎಂದು ಕನ್ನಡದಲ್ಲಿ ಹೇಳುತ್ತೇನೆ. ಮೂರನೆಯದು ಈ ವರ್ಷ ಹೋಯಿತು. ಎರಡು ವಾರದ ಮೇಲೆ ತಲುಪಿದ ಚೀಟಿ ವಾಪಸು ಬಂತು. ಸಹಿ ಅವರದೇ. ಮೊದಲ ವರ್ಷದ ಸಹಿಗಿಂತ ಅಕ್ಷರಗಳು ಸೊಟ್ಟಗಿವೆ, ಕೊನೆಯಲ್ಲಿ ಪೆನ್ನು ಜಾರಿದೆ. ಬೇಡವೆಂದು ಲಕೋಟೆಯನ್ನು ವಾಪಸು ಕಳಿಸಬಹುದಿತ್ತು, ಕಳಿಸಿಲ್ಲ. ಯಾಕೆ ತೆಗೆದುಕೊಳ್ಳುತ್ತಾರೋ ನನಗೆ ಗೊತ್ತಿಲ್ಲ, ತಿಳಿದುಕೊಳ್ಳುವ ಇಷ್ಟವೂ ಇಲ್ಲ. ಮುಂದಿನ ವರ್ಷಕ್ಕೆ ಲಕೋಟೆ ಈಗಾಗಲೇ ತಂದಿಟ್ಟಿದ್ದೇನೆ.